ಜರಡಿ ಹಿಡಿಯುವ ಅಂಚೆಪೆಟ್ಟಿಗೆ

ಅಂಚೆಯ ಇತಿಹಾಸ ಎಂದ ಕೂಡಲೇ ನಮಗೆ ನೆನಪಾಗುವುದು ಪತ್ರಗಳ ಸಾಗಣೆ. ಓಲೆಕಾರ, ಕುದುರೆ, ರೈಲು, ವಿಮಾನ ಹೀಗೆ ಕಥೆ ಮುಂದುವರಿಯುತ್ತದೆ. ಆದರೆ ಸಾಗಣೆಯಷ್ಟೇ ಮುಖ್ಯವಾದ ಇನ್ನೊಂದು ಕೆಲಸ ತೆರೆಮರೆಯಲ್ಲಿ ನಡೆಯುತ್ತಲೇ ಬಂದಿದೆ. ಅದೇ ವಿಂಗಡಣೆ. ಭಾರತದಲ್ಲಿ 1863ರಲ್ಲಿ ಅಲಹಾಬಾದ್ ಮತ್ತು ಕಾನ್ಪುರಗಳ ನಡುವೆ, ಓಡುವ ರೈಲಿನಲ್ಲಿಯೇ ಪತ್ರಗಳನ್ನು ವಿಂಗಡಿಸುವ ಏರ್ಪಾಡು ಆರಂಭವಾಯಿತು. ಊರುಗಳ ಹೆಸರುಗಳಲ್ಲಿ ಸಾಮ್ಯ, ಬಗೆಬಗೆಯ ಲಿಪಿ, ಓದಲಾಗದ ಕೈಬರಹ, ಇವು ವಿಂಗಡಿಸುವವರಿಗೆ ತಲೆನೋವಾಗಿದ್ದವು. ಶ್ರೀರಾಮ ಭಿಕಾಜಿ ವೇಲಣಕರ್ ಅವರು ರೂಪಿಸಿದ ಆರು ಅಂಕಿಗಳ ಪಿನ್‌ಕೋಡ್ 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ಅಂದಿನಿಂದ 560001 ಎಂಬ ಸಂಖ್ಯೆಯನ್ನು ಕಂಡವನಿಗೆ, ವಿಳಾಸದ ಭಾಷೆ ತಿಳಿಯದಿದ್ದರೂ ಪತ್ರ ಬೆಂಗಳೂರಿನದೆಂದು ತಿಳಿಯುತ್ತದೆ. ನಿಗದಿತ ಜಾಗದಲ್ಲಿ ನಿಗದಿತ ಗುರುತು ಇದ್ದರೆ ವಿಂಗಡಣೆ ಸುಲಭ. ಈ ತತ್ತ್ವವನ್ನು ನೆನಪಿನಲ್ಲಿಡಿ. ಗಣಕಯಂತ್ರದ ಅಂಚೆಗೂ ಇದೇ ಬುನಾದಿ.

1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಎಂಬ ತಂತ್ರಜ್ಞರು ಅರ್ಪಾನೆಟ್ ಜಾಲದ ಮೂಲಕ ಒಂದು ಗಣಕದಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದರು. ಬಳಕೆದಾರನ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು ಅವರು ಆರಿಸಿಕೊಂಡ ಚಿಹ್ನೆಯೇ ಇಂದು ಎಲ್ಲರೂ ಬಲ್ಲ '@'. ಮರುವರ್ಷವೇ, ಅಂದರೆ 1972ರಲ್ಲಿ, ಲ್ಯಾರಿ ರಾಬರ್ಟ್ಸ್ ಅವರು ಬಂದ ಸಂದೇಶಗಳ ಪಟ್ಟಿಯನ್ನು ತೋರಿಸಿ, ಬೇಕಾದುದನ್ನು ಮಾತ್ರ ಓದಲು ಮತ್ತು ಕಡತಕ್ಕೆ ಸೇರಿಸಲು ನೆರವಾಗುವ ಕ್ರಮವಿಧಿಯನ್ನು ಬರೆದರು. ಅಂದರೆ ಇ-ಮೇಲ್ ಹುಟ್ಟಿದ ವರ್ಷದೊಳಗೇ ಅದನ್ನು ಅಡಕಗೊಳಿಸುವ ಅಗತ್ಯವೂ ಹುಟ್ಟಿತ್ತು.

1977 ಹಾಗೂ 1982ರಲ್ಲಿ ಪ್ರಕಟವಾದ ಮಾನದಂಡಗಳು ಪ್ರತಿಯೊಂದು ಸಂದೇಶದ ತಲೆಬರಹವನ್ನು ನಿಯಮಬದ್ಧಗೊಳಿಸಿದವು. ಯಾರಿಂದ, ಯಾರಿಗೆ, ಯಾವ ದಿನ, ಯಾವ ವಿಷಯ ಎಂಬ ಸಾಲುಗಳು ಎಲ್ಲ ಯಂತ್ರಗಳಿಗೂ ಒಂದೇ ರೀತಿಯಲ್ಲಿ ಅರ್ಥವಾಗತೊಡಗಿದವು. ಇವೇ ಇ-ಮೇಲ್‌ನ ಪಿನ್‌ಕೋಡ್ ಎನ್ನಬಹುದು.

ಇಷ್ಟರಲ್ಲಿ ಬೇಡದ ಪತ್ರಗಳ ಕಾಟವೂ ತಲೆದೋರಿತ್ತು. 1975ರಲ್ಲಿಯೇ ಜಾನ್ ಪೋಸ್ಟೆಲ್ ಅವರು ಈ ಸಮಸ್ಯೆಯನ್ನು ಕುರಿತು ಟಿಪ್ಪಣಿ ಬರೆದರು. 1978ರ ಮೇ ತಿಂಗಳಲ್ಲಿ ಗಣಕ ಕಂಪನಿಯೊಂದರ ಮಾರಾಟಗಾರರು ಸುಮಾರು 400 ಜನರಿಗೆ ಒಮ್ಮೆಗೇ ಜಾಹೀರಾತು ಕಳುಹಿಸಿದ್ದು ದೊಡ್ಡ ಗದ್ದಲಕ್ಕೆ ಕಾರಣವಾಯಿತು. ಆದರೆ 1982ರಲ್ಲಿ ಪೀಟರ್ ಡೆನ್ನಿಂಗ್ ಎಂಬ ವಿಜ್ಞಾನಿ ಬೇರೊಂದು ಮುಖವನ್ನು ತೋರಿಸಿದರು. ಜಾಹೀರಾತು ಮಾತ್ರವಲ್ಲ, ಸಹೋದ್ಯೋಗಿಗಳ ಸದುದ್ದೇಶದ ಪತ್ರಗಳೂ ರಾಶಿ ಬಿದ್ದರೆ ಮುಖ್ಯವಾದುದು ಮುಚ್ಚಿಹೋಗುತ್ತದೆ ಎಂದು ಅವರು ಎಚ್ಚರಿಸಿದರು. ಸಂದೇಶ ಕಳುಹಿಸುವುದು ಹೇಗೆಂದು ಯೋಚಿಸಿದ ನಾವು ಸ್ವೀಕರಿಸುವವನ ಗತಿಯನ್ನು ಯೋಚಿಸಲಿಲ್ಲ ಎಂಬುದು ಅವರ ವಾದದ ಸಾರ.

ಇದಕ್ಕೆ ಉತ್ತರ ಹುಡುಕಿದವರಲ್ಲಿ ಮೊದಲಿಗರು ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಥಾಮಸ್ ಮಲೋನ್ ಮತ್ತು ಅವರ ಸಂಗಡಿಗರು. 1987ರಲ್ಲಿ ಅವರು ಪ್ರಕಟಿಸಿದ 'ಇನ್ಫರ್ಮೇಶನ್ ಲೆನ್ಸ್' ಎಂಬ ವ್ಯವಸ್ಥೆಯಲ್ಲಿ, ಗಣಕ ಭಾಷೆ ತಿಳಿಯದ ಸಾಮಾನ್ಯ ನೌಕರನೂ 'ಹೀಗಿದ್ದರೆ ಹಾಗೆ ಮಾಡು' ಎಂಬ ನಿಯಮವನ್ನು ತಾನೇ ರಚಿಸಬಹುದಾಗಿತ್ತು. ಇದರಲ್ಲಿ ಒಂದು ಸೊಗಸಾದ ಅಂಶವಿತ್ತು. 'ಯಾರಿಗಾದರೂ' ಎಂಬ ವಿಳಾಸಕ್ಕೆ ಪತ್ರ ಬರೆದರೆ, ಆ ವಿಷಯದಲ್ಲಿ ಆಸಕ್ತಿ ಇರುವವರ ನಿಯಮಗಳು ಅದನ್ನು ಹುಡುಕಿ ತರುತ್ತಿದ್ದವು. ಜರಡಿ ಹೊಟ್ಟನ್ನು ತೆಗೆಯುವುದಲ್ಲದೆ ಕಾಳನ್ನೂ ಕೊಡಬೇಕಲ್ಲವೇ?

ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದಂತೆ ಪ್ರಮುಖ ವಿದ್ಯಾಸಂಸ್ಥೆಗಳಿಗೆ ಇ-ಮೇಲ್ ತಂದಿತು. ಜನಸಾಮಾನ್ಯರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಇದರ ನಡುವೆ, 1990ರ ಸುಮಾರಿಗೆ ಸ್ಟೀಫನ್ ವಾನ್ ಡೆನ್ ಬರ್ಗ್ ಬರೆದ 'ಪ್ರೊಕ್‌ಮೇಲ್' ಯುನಿಕ್ಸ್ ಗಣಕಗಳಲ್ಲಿ ಹೆಸರಾಯಿತು. ಅದರ ನಿಯಮಗಳಿಗೆ 'ಅಡುಗೆ ವಿಧಾನ' ಎಂಬ ಅರ್ಥದ ಹೆಸರಿತ್ತು. ಅಡುಗೆಯಲ್ಲಿ ಇರುವಂತೆ ಇಲ್ಲಿಯೂ ಕ್ರಮವೇ ಮುಖ್ಯ.

ಒಂದು ಉದಾಹರಣೆಯಿಂದ ಇದನ್ನು ತಿಳಿಯೋಣ. ಒಂದು ಕಚೇರಿಯಲ್ಲಿ ಎರಡು ನಿಯಮಗಳಿವೆ. ಮೊದಲನೆಯದು: ವಿಷಯದಲ್ಲಿ 'ಸಭೆ' ಎಂದಿದ್ದರೆ ಪತ್ರವನ್ನು 'ಸಭೆಗಳು' ಕಡತಕ್ಕೆ ಹಾಕಿ ಅಲ್ಲಿಗೇ ನಿಲ್ಲಿಸು. ಎರಡನೆಯದು: ಮೇಲಧಿಕಾರಿಯಿಂದ ಬಂದಿದ್ದರೆ 'ತುರ್ತು' ಕಡತಕ್ಕೆ ಹಾಕು. ಈಗ ಮೇಲಧಿಕಾರಿಯೇ 'ಇಂದಿನ ಸಭೆ ರದ್ದಾಗಿದೆ' ಎಂದು ಬರೆದರೆ? ಪತ್ರ ಮೊದಲ ನಿಯಮಕ್ಕೆ ಸಿಕ್ಕಿ 'ಸಭೆಗಳು' ಕಡತದಲ್ಲಿ ಮಲಗುತ್ತದೆ. ನೌಕರ ಖಾಲಿ ಕೋಣೆಗೆ ಹೋಗಿ ಕುಳಿತುಕೊಳ್ಳುತ್ತಾನೆ. ಎರಡು ನಿಯಮಗಳೂ ಸರಿಯಾಗಿಯೇ ಇವೆ, ಕ್ರಮ ಮಾತ್ರ ತಪ್ಪು. ವಿಶೇಷವಾದ ನಿಯಮ ಮೇಲೆ, ಸಾಮಾನ್ಯ ನಿಯಮ ಕೆಳಗೆ ಇರಬೇಕೆಂಬುದು ಇದರಿಂದ ಕಲಿಯುವ ಪಾಠ.

2001ರಲ್ಲಿ ಟಿಮ್ ಶೋವಾಲ್ಟರ್ ಅವರು ದಾಖಲಿಸಿದ ನಿಯಮ ಭಾಷೆಯ ಹೆಸರೇ 'ಸೀವ್', ಅಂದರೆ ಜರಡಿ. ಇದರ ರಚನೆಯಲ್ಲಿ ಎರಡು ವಿವೇಕದ ನಿರ್ಧಾರಗಳಿವೆ. ಮೊದಲನೆಯದಾಗಿ, ಒಂದೇ ಕೆಲಸವನ್ನು ಕೊನೆಯಿಲ್ಲದೆ ಸುತ್ತಿಸುವ ಆಜ್ಞೆಗೆ ಮೂಲ ಭಾಷೆಯಲ್ಲಿ ಅವಕಾಶವಿಲ್ಲ. ಒಬ್ಬನ ತಪ್ಪು ನಿಯಮದಿಂದ ಎಲ್ಲರ ಅಂಚೆ ನಿಲ್ಲಬಾರದು. ಎರಡನೆಯದಾಗಿ, ಯಾವ ನಿಯಮಕ್ಕೂ ಹೊಂದದ ಪತ್ರ, ಅಥವಾ ನಿಯಮದಲ್ಲಿಯೇ ದೋಷವಿದ್ದಾಗ ಬಂದ ಪತ್ರ, ನೇರವಾಗಿ ಮುಖ್ಯ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಸಂಶಯ ಬಂದಾಗ ಬಿಸಾಡಬೇಡ, ಇಟ್ಟುಕೋ ಎಂಬುದೇ ಇದರ ತಿರುಳು.

2002ರಲ್ಲಿ ಪಾಲ್ ಗ್ರಹಾಂ ಅವರ ಲೇಖನವೊಂದು ಬೇರೊಂದು ಮಾರ್ಗವನ್ನು ಜನಪ್ರಿಯಗೊಳಿಸಿತು. ಯಾವ ಪದ ಬೇಡದ ಪತ್ರಗಳಲ್ಲಿ ಎಷ್ಟು ಸಲ ಬರುತ್ತದೆ, ಬೇಕಾದವುಗಳಲ್ಲಿ ಎಷ್ಟು ಸಲ ಬರುತ್ತದೆ ಎಂದು ಯಂತ್ರವೇ ಎಣಿಸಿ ಸಂಭಾವ್ಯತೆಯನ್ನು ಲೆಕ್ಕ ಹಾಕುತ್ತದೆ. ಇದರ ಹಿಂದಿರುವುದು 1763ರಲ್ಲಿ, ಕರ್ತೃವಿನ ಮರಣಾನಂತರ, ಪ್ರಕಟವಾದ ಥಾಮಸ್ ಬೇಯ್ಸ್ ಅವರ ಗಣಿತ. ಹತ್ತು ಬೇಡದ ಪತ್ರಗಳು ನುಸುಳಿದರೆ ಹತ್ತು ಕ್ಷಣ ನಷ್ಟ. ಆದರೆ ಒಂದು ಉದ್ಯೋಗದ ಕರೆಪತ್ರ ಕಸಕ್ಕೆ ಬಿದ್ದರೆ ಆಗುವ ನಷ್ಟ ಎಷ್ಟು? ಈ ಎರಡು ತಪ್ಪುಗಳ ತೂಕ ಸಮನಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಾವೇ ಬರೆದ ನಿಯಮವನ್ನು ತೆರೆದು ನೋಡಬಹುದು, ಪತ್ರವೊಂದು ಎಲ್ಲಿಗೆ ಹೋಯಿತು, ಏಕೆ ಹೋಯಿತು ಎಂದು ಪತ್ತೆ ಹಚ್ಚಬಹುದು. ಯಂತ್ರ ತಾನೇ ಕಲಿತ ನಿರ್ಣಯಕ್ಕೆ ಕಾರಣ ಕೇಳುವುದು ಅಷ್ಟು ಸುಲಭವಲ್ಲ. ದೂರದರ್ಶನ ಕೇಂದ್ರಕ್ಕೆ ಬರುವ ವೀಕ್ಷಕರ ಪತ್ರಗಳನ್ನು ಮೆಚ್ಚುಗೆ, ದೂರು, ಪ್ರಶ್ನೆ ಎಂದು ನಾವು ವಿಂಗಡಿಸುತ್ತೇವೆ. ಮೆಚ್ಚುಗೆಯೊಳಗೇ ದೂರನ್ನು ಅಡಗಿಸಿಟ್ಟ ಪತ್ರ ಯಾವ ಕಟ್ಟಿಗೂ ಸೇರುವುದಿಲ್ಲ. ಹಲವು ಬಾರಿ ಅದೇ ಅತ್ಯಂತ ಉಪಯುಕ್ತ ಪತ್ರವಾಗಿರುತ್ತದೆ.

ನಾಳೆ ಉದ್ಯೋಗಕ್ಕೆ ಸೇರಿದಾಗ ನೀವೂ ಇಂಥ ನಿಯಮಗಳನ್ನು ರಚಿಸುತ್ತೀರಿ. ನಿಯಮಗಳು ಕೆಲವೇ ಇರಲಿ, ಕ್ರಮ ಸ್ಪಷ್ಟವಾಗಿರಲಿ. ಅಳಿಸುವ ಆಜ್ಞೆಗಿಂತ ಬೇರೆ ಕಡತಕ್ಕೆ ಸರಿಸುವ ಆಜ್ಞೆ ಮೇಲು. ವಾರಕ್ಕೊಮ್ಮೆಯಾದರೂ ಆ ಕಡತಗಳನ್ನು ತೆರೆದು ನೋಡಿ. ಏಕೆಂದರೆ ಯಾರ ಮಾತನ್ನು ಮೊದಲು ಕೇಳಬೇಕು, ಯಾರನ್ನು ಕಾಯಿಸಬೇಕು ಎಂಬ ತೀರ್ಮಾನ ಪ್ರತಿ ನಿಯಮದಲ್ಲಿಯೂ ಅಡಗಿದೆ. ಜರಡಿಯ ಕಣ್ಣು ಎಷ್ಟು ದೊಡ್ಡದಿರಬೇಕೆಂದು ನಿರ್ಧರಿಸುವ ಹೊಣೆ ಅದನ್ನು ಹಿಡಿದವರದೇ.