ಅಪ್ರೀತಿ ಎಂಬ ಅಪರಾಧ

ಧಾರವಾಡದ ಕೋರ್ಟಿನಲ್ಲಿ ಭಾಷಾಂತರದ ಕೆಲಸ ಮಾಡಿ ನಿವೃತ್ತನಾದವನು ನಾನು. ಖರೀದಿಪತ್ರ, ಪಂಚನಾಮೆ, ಸಾಕ್ಷಿಗಳ ಹೇಳಿಕೆ ಯಾವುದಕ್ಕೂ ಹೆದರಿದವನಲ್ಲ. ಆದರೆ ಹಳೆಯ ದಂಡಸಂಹಿತೆಯ ರಾಜದ್ರೋಹದ 124ಎ ಕಲಮನ್ನು ಕನ್ನಡಕ್ಕೆ ತರಲು ಕೂತಾಗಲೆಲ್ಲ ಎರಡು ಶಬ್ದಗಳು ನನ್ನನ್ನು ತಡೆದು ನಿಲ್ಲಿಸಿದವು: ‘ಡಿಸ್‌ಅಫೆಕ್ಷನ್’, ‘ಡಿಸ್‌ಅಪ್ರೊಬೇಷನ್’. ಮೊದಲನೆಯದನ್ನು ಜನರಲ್ಲಿ ಕೆರಳಿಸಿದರೆ ಸೆರೆಮನೆಯಾಗುತ್ತಿತ್ತು. ಎರಡನೆಯದು, ಅಂದರೆ ಸರಕಾರದ ನಡೆ ಸರಿಯಿಲ್ಲವೆಂದು ಟೀಕಿಸುವುದು, ತಪ್ಪಾಗಿರಲಿಲ್ಲ. 1870ರಲ್ಲಿ ಕಲಂ ಬಂದಾಗಲೇ ವಿವರಣೆಯಲ್ಲಿ ಈ ಗೆರೆ ಎಳೆದಿದ್ದರು.

ಮೊದಲನೆಯದಕ್ಕೆ ‘ಅಪ್ರೀತಿ’ ಎಂದು ಬರೆದು ಕಾಟು ಹಾಕಿದ್ದೇನೆ. ‘ಅಸಮಾಧಾನ’ ಎಂದರೆ ಟೀಕೆಯ ಕಡೆಗೆ ವಾಲುತ್ತದೆ. ‘ದ್ವೇಷ’ ಎನ್ನೋಣವೆಂದರೆ, ದ್ವೇಷಕ್ಕೆ ಅದೇ ಕಲಮಿನಲ್ಲಿ ಬೇರೆ ಶಬ್ದವಿತ್ತು.

ಗೆರೆ ಎಷ್ಟು ತೆಳುವೆಂದು 1897ರಲ್ಲಿ ಗೊತ್ತಾಯಿತು. ‘ಕೇಸರಿ’ಯ ಬರಹಗಳಿಗಾಗಿ ಟಿಳಕರನ್ನು ಮುಂಬಯಿ ಹೈಕೋರ್ಟಿನಲ್ಲಿ ನಿಲ್ಲಿಸಿದರು. ಧಾರವಾಡವೂ ಆಗ ಅದೇ ಹೈಕೋರ್ಟಿನ ಕೆಳಗಿತ್ತು. ಬರೆದದ್ದು ಮರಾಠಿಯಲ್ಲಿ, ತೂಗಿದ್ದು ಇಂಗ್ಲಿಷಿನಲ್ಲಿ. ‘ಅಫೆಕ್ಷನ್’ ಇಲ್ಲದಿರುವುದೇ ‘ಡಿಸ್‌ಅಫೆಕ್ಷನ್’, ಸರಕಾರದ ಬಗೆಗಿನ ಎಲ್ಲ ಬಗೆಯ ಕೆಟ್ಟ ಭಾವನೆಯೂ ಅದರಲ್ಲಿ ಸೇರುತ್ತದೆ ಎಂದು ನ್ಯಾಯಮೂರ್ತಿ ಸ್ಟ್ರೇಚಿ ಜ್ಯೂರಿಗೆ ಅರ್ಥ ಹೇಳಿದರು. ದಂಗೆ ಏಳಲೇಬೇಕೆಂದಿಲ್ಲ. ಒಂಬತ್ತು ಜನರ ಜ್ಯೂರಿಯಲ್ಲಿ ಆರು ಯುರೋಪಿಯನ್ನರು ಅಪರಾಧಿ ಎಂದರು, ಮೂವರು ಭಾರತೀಯರು ಅಲ್ಲವೆಂದರು. ಟಿಳಕರಿಗೆ 18 ತಿಂಗಳ ಕಠಿಣ ಸಜೆ ಆಯಿತು.

ಪ್ರೀತಿ ಇಲ್ಲದಿರುವುದು ಬೇರೆ, ಹಗೆ ಬೇರೆ. ಬದುವಿನ ಜಗಳ ಹೊತ್ತು ನಮ್ಮ ಕೋರ್ಟಿಗೆ ಬರುತ್ತಿದ್ದ ರೈತರಿಗೂ ಈ ಭೇದ ಗೊತ್ತಿತ್ತು. “ಅವನ ಮ್ಯಾಲ ಸಿಟ್ಟಿಲ್ಲರೀ ಸಾಹೇಬ್ರ, ಮಾತಷ್ಟ ಬಿಟ್ಟೇನಿ” ಎಂದು ಒಬ್ಬ ಮುದುಕ ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳಿದ್ದನ್ನು ನಾನೇ ಇಂಗ್ಲಿಷಿಗೆ ಇಳಿಸಿದ್ದೇನೆ. ಸ್ಟ್ರೇಚಿಯವರು ಹೇಳಿದ ಅರ್ಥ ಅನ್ಯಾಯದ್ದು. 1898ರ ತಿದ್ದುಪಡಿ ಆ ಅಗಲ ಅರ್ಥವನ್ನು ಕಾಯಿದೆಯೊಳಕ್ಕೇ ತಂದಿತು: ನಿಷ್ಠೆ ಇಲ್ಲದಿರುವುದು ಮತ್ತು ಎಲ್ಲ ವೈರಭಾವಗಳೂ ಸೇರುತ್ತವೆ ಎಂದು.

1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ, ಇದೇ ಕಲಮಿನ ಮೊಕದ್ದಮೆಯಲ್ಲಿ, ಗಾಂಧೀಜಿ ಈ ಶಬ್ದದ ಬುಡಕ್ಕೇ ಕೈ ಹಾಕಿದರು. ತಪ್ಪೊಪ್ಪಿಕೊಂಡು, ಪ್ರೀತಿಯನ್ನು ಕಾಯಿದೆಯಿಂದ ಹುಟ್ಟಿಸಲಾಗದು ಎಂದು ಹೇಳಿದರು. ಆರು ವರ್ಷ ಸಜೆ ಆಯಿತು. ನನಗೆ ಸಿಗದ ಅರ್ಥ ಅವರ ಆ ಒಂದು ಮಾತಿನಲ್ಲಿ ಸಿಕ್ಕಿತು.

ಆ ದಂಡಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಮನ್ನು ಒಮ್ಮೆ ಇಂಗ್ಲಿಷಿನಲ್ಲಿ ತೆರೆದು ಓದಿ. ‘ಡಿಸ್‌ಅಫೆಕ್ಷನ್’ ಅಲ್ಲಿಲ್ಲ. ‘ಡಿಸ್‌ಅಪ್ರೊಬೇಷನ್’ ವಿವರಣೆಯಲ್ಲಿ ಈಗಲೂ ಉಳಿದಿದೆ.