ಸಸಿ ನೆಟ್ಟರಷ್ಟೇ ಕ್ಯಾಂಪಸ್ ಪರಿಸರಸ್ನೇಹಿ ಆಗುತ್ತದೆಯೇ?

ಜೂನ್ 5 ಬಂತೆಂದರೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಸಿ ನೆಡುವ ಸಂಭ್ರಮ. ಒಳ್ಳೆಯ ಕೆಲಸವೇ. ಆದರೆ ಅಷ್ಟಕ್ಕೇ ಕ್ಯಾಂಪಸ್ ‘ಹಸಿರು’ ಆಯಿತು ಎನ್ನಬಹುದೇ? ಲೆಕ್ಕ ಹಾಕಿ ನೋಡೋಣ.

ಚೆನ್ನಾಗಿ ಬೆಳೆದ ಒಂದು ಮರ ವರ್ಷಕ್ಕೆ ಹೀರುವ ಕಾರ್ಬನ್ ಡೈಆಕ್ಸೈಡ್ ಅಂದಾಜು 20 ಕೆಜಿ. ಮರದ ಜಾತಿ, ವಯಸ್ಸಿಗೆ ತಕ್ಕಂತೆ ಇದು ಬದಲಾಗುತ್ತದೆ. ಇನ್ನೊಂದೆಡೆ, ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದ ಬರುವುದರಿಂದ, ಒಂದು ಯೂನಿಟ್ ವಿದ್ಯುತ್ ಉತ್ಪಾದಿಸುವಾಗ ಸರಾಸರಿ 0.7 ಕೆಜಿಯಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಗಂಟೆಗೆ ಒಂದೂವರೆ ಯೂನಿಟ್ ಬಳಸುವ ಎಸಿ ದಿನಕ್ಕೆ 8 ಗಂಟೆ ಓಡಿದರೆ 12 ಯೂನಿಟ್, ಅಂದರೆ 8 ಕೆಜಿಗೂ ಹೆಚ್ಚು. ಮರವೊಂದು ಇಡೀ ವರ್ಷ ಹೀರಿದ್ದನ್ನು ಒಂದೇ ಎಸಿ ಮೂರು ದಿನದೊಳಗೆ ಗಾಳಿಗೆ ಸೇರಿಸುತ್ತದೆ!

ಹಾಗಾದರೆ ಮರ ಬೇಡವೇ? ಖಂಡಿತ ಬೇಕು. ಬೆಂಗಳೂರಿನ ರಸ್ತೆಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ, ಮರಗಳಿರುವ ಕಡೆ ಮಧ್ಯಾಹ್ನದ ಗಾಳಿ 5 ಡಿಗ್ರಿಯವರೆಗೂ ತಂಪಾಗಿದ್ದದ್ದು ಕಂಡುಬಂದಿದೆ. ಕಟ್ಟಡಕ್ಕೆ ನೆರಳು ಸಿಕ್ಕರೆ ಎಸಿಯ ಅಗತ್ಯವೇ ತಗ್ಗುತ್ತದೆ. ಆದ್ದರಿಂದ ಸಸಿ ನೆಡುವುದಕ್ಕಿಂತ ಮೊದಲು, ಈಗಿರುವ ದೊಡ್ಡ ಮರಗಳನ್ನು ಹೊಸ ಕಟ್ಟಡಕ್ಕಾಗಿ ಕಡಿಯದೆ ಉಳಿಸಿಕೊಳ್ಳಬೇಕು.

ಉಳಿದದ್ದು ವಿದ್ಯುತ್ ಉಳಿತಾಯ. ಎಸಿಯ ಉಷ್ಣತೆಯನ್ನು ಒಂದು ಡಿಗ್ರಿ ಹೆಚ್ಚಿಸಿಟ್ಟರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ. 75 ವ್ಯಾಟಿನ ಹಳೆಯ ಫ್ಯಾನಿನ ಜಾಗದಲ್ಲಿ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಅರ್ಧಕ್ಕಿಂತ ಕಡಿಮೆ ವಿದ್ಯುತ್ ಸಾಕು. ಹಾಸ್ಟೆಲಿನ ಬಿಸಿನೀರಿಗೆ ಸೋಲಾರ್ ಇದ್ದೇ ಇದೆ.

ಮುಂದಿನ ಪರಿಸರ ದಿನದಂದು ಸಸಿಯ ಜೊತೆಗೆ ಕ್ಯಾಂಪಸ್ಸಿನ ಕರೆಂಟ್ ಬಿಲ್ಲನ್ನೂ ಕೈಗೆತ್ತಿಕೊಳ್ಳೋಣ.