‘ಅಬ್ಸರ್ಡಿಟಿ’ ಎಂಬ ಶಬ್ದದ ಪೂರ್ವೋತ್ತರ

ಇಂಗ್ಲಿಷಿನ ‘ಅಬ್ಸರ್ಡಿಟಿ’ ಎಂಬ ನಾಮಪದಕ್ಕೆ ಕನ್ನಡದಲ್ಲಿ ಅರ್ಥವೇನೆಂದು ಕೇಳಿದರೆ ವಿದ್ಯಾರ್ಥಿಗಳು ತಡವಿಲ್ಲದೆ ‘ಹಾಸ್ಯಾಸ್ಪದತೆ’ ಎಂದುಬಿಡುತ್ತಾರೆ. ಉತ್ತರವು ಪೂರ್ತಿಯಾಗಿ ತಪ್ಪಲ್ಲ. ಆದರೆ ನಗೆಗೀಡಾದುದನ್ನು ಹೇಳುವುದಕ್ಕೆ ಆ ಭಾಷೆಯಲ್ಲಿ ‘ರಿಡಿಕ್ಯುಲಸ್’ ಎಂಬ ಬೇರೊಂದು ಶಬ್ದವೇ ಉಂಟು. ನಗುವುದು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು ಅದು. ನಾವು ವಿಚಾರಿಸಹೊರಟ ಶಬ್ದವು ಹುಟ್ಟಿದುದು ನಗೆಯಲ್ಲಲ್ಲ, ಕಿವಿಯಲ್ಲಿ.

ಲ್ಯಾಟಿನಿನಲ್ಲಿ ‘ಅಬ್ಸರ್ಡಸ್’ ಎಂದರೆ ಅಪಸ್ವರವಾದುದು. ಕ್ರಿಸ್ತಪೂರ್ವ 55ರಲ್ಲಿ ವಾಗ್ಮಿತೆಯನ್ನು ಕುರಿತು ಬರೆದ ಗ್ರಂಥದಲ್ಲಿ ಸಿಸೆರೋ ಪಂಡಿತನು ಶ್ರುತಿಮೀರಿದ ಕಂಠಕ್ಕೆ ಈ ವಿಶೇಷಣವನ್ನು ಪ್ರಯೋಗಿಸಿದ್ದಾನೆ. ಅದರಲ್ಲಿರುವ ‘ಸರ್ಡಸ್’ ಭಾಗವನ್ನು ಕಿವುಡು ಎಂಬರ್ಥದ ಪದವೆಂದು ನಿಘಂಟುಕಾರರು ಸಾಮಾನ್ಯವಾಗಿ ಗುರುತಿಸುತ್ತಾರೆ. ನಮ್ಮ ಗಣಿತಪುಸ್ತಕಗಳು ‘ಕರಣಿ’ಯೆಂದು ಕರೆಯುವ ಸಂಖ್ಯೆಗೆ ಇಂಗ್ಲಿಷಿನಲ್ಲಿರುವ ‘ಸರ್ಡ್’ ಎಂಬ ಹೆಸರೂ ಇದೇ ಕಿವುಡಿನದು. ಗ್ರೀಕರು ‘ಮಾತಿಲ್ಲದ್ದು’ ಎಂದುದನ್ನು ಅರಬ್ಬಿ ಗಣಿತಜ್ಞರು ‘ಕಿವುಡು’ ಎಂದರು, ಯೂರೋಪಿನವರು ಅದನ್ನೇ ಭಾಷಾಂತರಿಸಿಕೊಂಡರು.

ಕಿವಿಯ ದೋಷವು ಬುದ್ಧಿಯ ದೋಷವಾದ ಬಗೆಯನ್ನು ರೇಖಾಗಣಿತದಲ್ಲಿ ಕಾಣಬಹುದು. ಯೂಕ್ಲಿಡನು ಮೊದಲನೆಯ ಪುಸ್ತಕದ ಆರನೆಯ ಪ್ರಮೇಯದಲ್ಲಿ, ಎದುರಾಳಿಯ ಮಾತನ್ನೇ ಒಪ್ಪಿಕೊಂಡು ನಡೆದು, ಕಿರಿಯ ತ್ರಿಕೋನವು ಹಿರಿಯದಕ್ಕೆ ಸಮವಾಗುವ ಸ್ಥಿತಿಗೆ ತಂದು ನಿಲ್ಲಿಸುತ್ತಾನೆ. ಅದಕ್ಕೆ ಅವನು ಬಳಸಿದ ಗ್ರೀಕ್ ಪದದ ಅಕ್ಷರಾರ್ಥ ‘ಎಡೆಯಿಲ್ಲದ್ದು’. ಗ್ರೀಕರಿಗೆ ಎಡೆಗೆಟ್ಟದ್ದು ಲ್ಯಾಟಿನಿನಲ್ಲಿ ಶ್ರುತಿಗೆಟ್ಟದ್ದಾಯಿತು. ಇಲ್ಲಿ ನಗತಕ್ಕದ್ದೇನಿದೆ?

1651ರಲ್ಲಿ ಹಾಬ್ಸನು, ಇದು ಜೀವಿಗಳಲ್ಲಿ ಮನುಷ್ಯನೊಬ್ಬನಿಗೇ ಮೀಸಲಾದ ಹಕ್ಕೆಂದೂ, ಮನುಷ್ಯರಲ್ಲಿಯೂ ತತ್ತ್ವಶಾಸ್ತ್ರಜ್ಞರಿಗೆ ಅದು ಹೆಚ್ಚೆಂದೂ ಬರೆದನು. ಅಧ್ಯಾಪಕರು ಈ ಭಾಗವನ್ನು ತರಗತಿಯಲ್ಲಿ ಬೇಗನೆ ದಾಟಿಬಿಡುವುದು ಲೇಸು.

ಶಬ್ದದ ಭಾರವು ತಿಳಿಯುವುದು ನ್ಯಾಯಾಸ್ಥಾನದಲ್ಲಿ. 1857ರಲ್ಲಿ ಒಂದು ಉಯಿಲಿನ ವ್ಯಾಜ್ಯದಲ್ಲಿ ಲಾರ್ಡ್ ವೆನ್ಸ್‌ಲಿಡೇಲರು, ಬರೆದ ಮಾತಿನ ಸಹಜಾರ್ಥವನ್ನೇ ಹಿಡಿಯಬೇಕೆಂದೂ, ಅದರಿಂದ ‘ಅಬ್ಸರ್ಡಿಟಿ’ಯೋ ಪೂರ್ವಾಪರವಿರೋಧವೋ ಒದಗಿದರೆ ಮಾತ್ರ, ಅದನ್ನು ತಪ್ಪಿಸುವಷ್ಟರ ಮಟ್ಟಿಗೆ, ಆ ಅರ್ಥವನ್ನು ಬಿಡಬಹುದೆಂದೂ ಹೇಳಿದರು. ಇದು ‘ಸುವರ್ಣನಿಯಮ’ವೆಂದು ಹೆಸರಾಗಿ ನಮ್ಮ ದೇಶದ ನ್ಯಾಯಾಲಯಗಳಲ್ಲಿಯೂ ಉಲ್ಲೇಖಗೊಳ್ಳುತ್ತಿದೆ. ಇಲ್ಲಿ ‘ಹಾಸ್ಯಾಸ್ಪದ’ವೆಂದು ಅನುವಾದಿಸಿದರೆ, ನ್ಯಾಯಾಧೀಶನಿಗೆ ನಗು ಬಂದಾಗಲೆಲ್ಲ ಸತ್ತವನ ಇಚ್ಛೆಯನ್ನು ತಿದ್ದಬಹುದೆಂದು ಅರ್ಥವಾದೀತು! ಒಬ್ಬನ ಮನೆ, ಹೊಲ ಮತ್ತೊಬ್ಬನ ಪಾಲಾಗುವುದಕ್ಕೆ ಅಷ್ಟು ಸಾಕೆ?

1942ರಲ್ಲಿ ಫ್ರಾನ್ಸಿನ ಕಾಮೂ, ಅರ್ಥವನ್ನು ಬೇಡುವ ಮನುಷ್ಯನಿಗೂ ಉತ್ತರ ಕೊಡದ ಜಗತ್ತಿಗೂ ಇರುವ ಹೊಂದಿಕೆಯಿಲ್ಲದ ಸಂಬಂಧಕ್ಕೆ ಈ ಶಬ್ದವನ್ನು ಸಲ್ಲಿಸಿದನು. 1961ರಲ್ಲಿ ಮಾರ್ಟಿನ್ ಎಸ್ಲಿನ್ ಎಂಬ ವಿಮರ್ಶಕನು ಬೆಕೆಟ್ ಮೊದಲಾದವರ ನಾಟಕಗಳಿಗೆ ಅದನ್ನೇ ಹೆಸರಾಗಿಟ್ಟನು. ಆ ಬಗೆಯ ನಾಟಕವು ಕನ್ನಡ ರಂಗಭೂಮಿಗೆ ಬಂದಾಗ ನಮ್ಮವರು ‘ಹಾಸ್ಯಾಸ್ಪದ ನಾಟಕ’ವೆನ್ನಲಿಲ್ಲ, ‘ಅಸಂಗತ ನಾಟಕ’ವೆಂದರು. ಕೂಡಿಬಾರದುದು ಎಂಬರ್ಥದ ಆ ಪದವು ಯೂಕ್ಲಿಡನ ತ್ರಿಕೋನಕ್ಕೂ ಸಲ್ಲುತ್ತದೆ, ಉಯಿಲಿಗೂ ಸಲ್ಲುತ್ತದೆ. ಬೆಕೆಟ್ಟನ ನಾಟಕದಲ್ಲಿ ಗೋದೋ ಎಂಬವನಿಗಾಗಿ ಕಾದು ಕುಳಿತ ಆ ಇಬ್ಬರನ್ನು ನೋಡಿ ಸಭಿಕರು ನಗುವುದೇನೋ ಉಂಟು. ಗೋದೋ ಬಾರದೆ ತೆರೆ ಬೀಳುವ ಹೊತ್ತಿಗೆ ಆ ನಗು ಅಲ್ಲಿರುವುದಿಲ್ಲ.